ಭಾನುವಾರದ ವಿಡಿಯೊ: 2018ರ ಮಹಿಳೆಯರ ಸೂಪರ್-ಜಿ

ಎಲ್ಲರಿಗೂ ನಮಸ್ಕಾರ. ಈ ವಾರ ನೋಡುತ್ತಿರುವುದು ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನ ಸೂಪರ್-ಜಿ ಓಟ, 17 ಫೆಬ್ರವರಿ 2018. ಸೂಪರ್-ಜಿ ಎಂದರೆ ಹಿಮದ ಇಳಿಜಾರಿನಲ್ಲಿ ಗೇಟುಗಳ (ನೆಟ್ಟ ಕಂಬಗಳ) ನಡುವೆ ಹಾದು ವೇಗವಾಗಿ ಇಳಿಯುವ ಸ್ಕೀ ಸ್ಪರ್ಧೆ. ದಯವಿಟ್ಟು 26ನೇ ಸ್ಪರ್ಧಿಯವರೆಗೂ ನೋಡಿ, ನಡುವೆ ನಿಲ್ಲಿಸಬೇಡಿ.

ಸೂಪರ್-ಜಿಯಲ್ಲಿ ಇಳಿಯುವುದು ಒಂದೇ ಬಾರಿ. ಡೌನ್‌ಹಿಲ್‌ಗೆ (ಇದಕ್ಕಿಂತ ವೇಗದ, ತಿರುವು ಕಡಿಮೆ ಇರುವ ಸ್ಕೀ ಸ್ಪರ್ಧೆ) ಇರುವಂಥ ಅಭ್ಯಾಸದ ಓಟ ಇಲ್ಲ. ಬೆಳಿಗ್ಗೆ ಟ್ರ್ಯಾಕ್ ಪಕ್ಕದಲ್ಲೇ ನಿಧಾನವಾಗಿ ಜಾರುತ್ತಾ ಗೇಟುಗಳನ್ನು ನೆನಪಿಟ್ಟುಕೊಳ್ಳಬೇಕು. ಹಾಗಾಗಿ ದಿಬ್ಬ ಹಾರಿದ ಮೇಲಿನ ಗೇಟೇ ಹೆಚ್ಚು ಕಾಡುವುದು. ಹಾರುವ ಮೊದಲೇ ದಿಕ್ಕು ಹೊಂದಿಸದಿದ್ದರೆ ಇಳಿದಾಗ ತಿರುವು ತಡವಾಗುತ್ತದೆ, ಸ್ಕೀ ಅಡ್ಡ ಜಾರಿ ವೇಗ ಸೋರುತ್ತದೆ. ಮೊದಲು ಇಳಿದ ಅಮೆರಿಕದ ಲಿಂಡ್ಸೆ ವಾನ್ ಕೊನೆಯ ಭಾಗದಲ್ಲಿ ಅಗಲವಾಗಿ ಹೋದದ್ದನ್ನು ಗಮನಿಸಿ. ಪದಕ ತಪ್ಪಿದ್ದು ಅಲ್ಲೇ.

ಸಾಮಾನ್ಯವಾಗಿ 20ನೇ ಸ್ಪರ್ಧಿಯ ನಂತರ ಹಿಮ ಕೆತ್ತಿಹೋಗಿ ಓಟ ನಿಧಾನವಾಗುತ್ತದೆ. ಅದಕ್ಕೇ ಆಸ್ಟ್ರಿಯಾದ ಅನಾ ಫೈತ್ 1:21.12ರಲ್ಲಿ ಮುಗಿಸಿದಾಗ ಚಿನ್ನ ಅವರದೇ ಎಂದು ಎಲ್ಲರೂ ಅಂದುಕೊಂಡರು. ಆಮೇಲೆ 26ನೇ ಸ್ಪರ್ಧಿಯಾಗಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಬಂದರು: 1:21.11! ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ 0.01 ಸೆಕೆಂಡ್ ಎಂದರೆ ಬರೀ 28 ಸೆಂ.ಮೀ. ಕಂಚು ಲಿಕ್ಟನ್‌ಸ್ಟೈನ್‌ನ ಟೀನಾ ವೈರಾಥರ್‌ಗೆ. ಒಂದೇ ವಾರದಲ್ಲಿ ಲೆಡೆಟ್ಸ್ಕಾ ಸ್ನೋಬೋರ್ಡ್‌ನಲ್ಲೂ ಚಿನ್ನ ಗೆದ್ದರು. ನಮ್ಮ ಪ್ರಕಾರ ಆ ಕೂಟದ ಅತಿ ದೊಡ್ಡ ಸಾಧನೆ ಅದು.

ನೋಡುವಾಗ ಫೈತ್ ಮತ್ತು ಲೆಡೆಟ್ಸ್ಕಾ ಇಬ್ಬರ ಓಟವನ್ನೂ ಅಕ್ಕಪಕ್ಕ ಇಟ್ಟು, ಪ್ರತಿ ವಿಭಾಗದ ಸಮಯ ಬರೆದುಕೊಳ್ಳಿ. ಯಾವ ಗೇಟಿನಲ್ಲಿ ಯಾರು ಮುಂದೆ ಎಂಬುದನ್ನು ಇಲ್ಲಿ ಹಾಕಿ.