ಮಗಳಿಗೊಂದು ಪತ್ರ: ಕುಗ್ಗಿದ ಸ್ವೆಟರಿನ ವಿಚಾರ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನನ್ನ ದನಿ ಅಗತ್ಯಕ್ಕಿಂತ ಏರಿತ್ತೆಂದು ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ, ಬೇಸರ ಇಟ್ಟುಕೊಳ್ಳಬೇಡ. "ಅದನ್ನು ಕಸಕ್ಕೆ ಎಸೆಯುತ್ತೇನೆ" ಎಂದು ನೀನು ಫೋನ್ ಇಟ್ಟೆಯಲ್ಲ, ಆ ಕೆಲಸವನ್ನು ಮಾತ್ರ ಈ ಪತ್ರ ಓದಿ ಮುಗಿಯುವವರೆಗೆ ಮಾಡಬೇಡ. ಹಾಸ್ಟೆಲಿನ ವಾಷಿಂಗ್ ಮಷಿನ್‌ನಲ್ಲಿ ಕುಗ್ಗಿದ, ಅಜ್ಜಿ ಹೆಣೆದ ಉಣ್ಣೆಯ ಸ್ವೆಟರನ್ನು, ಪೂರ್ತಿ ಮೊದಲಿನ ಹಾಗೆ ಅಲ್ಲದಿದ್ದರೂ, ತೊಡುವಷ್ಟರ ಮಟ್ಟಿಗೆ ನಿನ್ನ ಕೋಣೆಯಲ್ಲಿಯೇ ಹಿಗ್ಗಿಸಬಹುದು.

ಮೊದಲಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ಹೆಣಿಗೆಯ ಕುಣಿಕೆಗಳು ಇನ್ನೂ ಒಂದೊಂದಾಗಿ ಕಾಣುತ್ತಿದ್ದರೆ ಮತ್ತು ಎರಡೂ ಕೈಯಿಂದ ಮೆಲ್ಲಗೆ ಎಳೆದಾಗ ಬಟ್ಟೆ ಸ್ವಲ್ಪವಾದರೂ ಸಡಿಲಗೊಂಡರೆ ಕೆಲಸ ಆಗುತ್ತದೆ. ಕುಣಿಕೆಗಳೇ ಕಾಣದಂತೆ ದಪ್ಪಗಟ್ಟಿ, ಎಳೆದರೂ ಜಗ್ಗದಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ಉಣ್ಣೆಯ ಪ್ರತಿ ಎಳೆಯ ಹೊರಮೈಯಲ್ಲಿ ನಮ್ಮ ಮನೆಯ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದ ಸಣ್ಣ ಹುರುಪೆಗಳಿರುತ್ತವೆ. ಅವೆಲ್ಲವೂ ಎಳೆಯ ತುದಿಯ ಕಡೆಗೆ ಮುಖ ಮಾಡಿರುವುದರಿಂದ ಎಳೆಯು ಬುಡದ ಕಡೆಗೆ ಸುಲಭವಾಗಿ ಜಾರುತ್ತದೆ, ಹಿಂದಕ್ಕೆ ಬರಲಾರದು. ಬಿಸಿನೀರು, ಸೋಪು ಮತ್ತು ಡ್ರಮ್ಮಿನ ಕುಲುಕಾಟ ಸೇರಿದಾಗ ಎಳೆಗಳು ಹೀಗೆಯೇ ಸರಿದು, ಒಂದರೊಳಗೊಂದು ಸಿಕ್ಕಿಕೊಂಡು, ಬಟ್ಟೆ ಕುಗ್ಗುತ್ತದೆ. ಪೂರ್ತಿ ಹೆಣೆದುಕೊಂಡದ್ದನ್ನು ಯಾರೂ ಬಿಡಿಸಲಾರರು. ಅರ್ಧ ಸಿಕ್ಕಿಕೊಂಡದ್ದನ್ನು ಜಾರುವಂತೆ ಮಾಡಬಹುದು.

ಒಂದು ವಿಷಯದಲ್ಲಿ ನನಗೆ ಒಳಗೊಳಗೇ ಹೆಮ್ಮೆಯಾಯಿತೆಂದು ಹೇಳಲೇಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಉಣ್ಣೆಯೆಂದು ಮಾರುವ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್ ಎಂಬ ಕೃತಕ ನೂಲಿನವಾಗಿರುತ್ತವೆ, ಅಕ್ರಿಲಿಕ್ ಹೀಗೆ ಹೆಪ್ಪುಗಟ್ಟಿ ಕುಗ್ಗುವುದಿಲ್ಲ. ಅಜ್ಜಿ ಶಿವಮೊಗ್ಗದ ಅಂಗಡಿಯಲ್ಲಿ ಎಳೆಯೊಂದನ್ನು ಬೆಂಕಿಕಡ್ಡಿಗೆ ಹಿಡಿದು, ಅದು ಪ್ಲಾಸ್ಟಿಕ್ಕಿನ ಹಾಗೆ ಕರಗದೆ ಸುಟ್ಟ ಕೂದಲಿನ ವಾಸನೆ ಬಂದ ಮೇಲೆಯೇ ಹಣ ಕೊಟ್ಟಿದ್ದಳು. ಅವಳ ಪರೀಕ್ಷೆ ಸರಿಯಾಗಿತ್ತೆಂಬುದಕ್ಕೆ ನಿನ್ನ ವಾಷಿಂಗ್ ಮಷಿನ್ ಸಾಕ್ಷಿ ಹೇಳಿದೆ.

ಈಗ ಮಾಡಬೇಕಾದದ್ದು. ಟಬ್ಬಿನಲ್ಲಿ ನಾಲ್ಕೈದು ಲೀಟರ್ ಉಗುರುಬೆಚ್ಚಗಿನ ನೀರು, ಸುಮಾರು 30 ಡಿಗ್ರಿಯಷ್ಟು, ತೆಗೆದುಕೊಂಡು ಎರಡು ಮೂರು ದೊಡ್ಡ ಚಮಚ ಕೂದಲಿನ ಕಂಡಿಷನರನ್ನು ಚೆನ್ನಾಗಿ ಕರಗಿಸು. ಕೂದಲು, ಉಣ್ಣೆ ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದವು. ಕಂಡಿಷನರಿನ ಧನಾವೇಶದ ಅಣುಗಳು ಎಳೆಯ ಮೈಗೆ ಅಂಟಿಕೊಂಡು ಅದನ್ನು ನುಣುಪಾಗಿಸುತ್ತವೆ. ಸ್ವೆಟರನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡು, ಉಜ್ಜಬೇಡ. ನೀರಿನಿಂದ ತೆಗೆಯುವಾಗ ಕೆಳಗೆ ಎರಡೂ ಕೈ ಕೊಟ್ಟು ಎತ್ತು, ಏಕೆಂದರೆ ಒದ್ದೆ ಉಣ್ಣೆ ತನ್ನ ಭಾರಕ್ಕೆ ತಾನೇ ಜೋತು ಆಕಾರ ಕೆಡುತ್ತದೆ. ಹಿಂಡಬೇಡ, ದಪ್ಪ ಟವೆಲಿನ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ, ಅಂಗೈಯಿಂದ ಒತ್ತಿ ನೀರು ತೆಗೆ.

ಹಿಗ್ಗಿಸುವುದಕ್ಕೆ ಅಳತೆ ಬೇಕು, ಅಂದಾಜು ಸಾಲದು. ಅಜ್ಜಿಯ ಹೆಣಿಗೆಯ ನೋಟುಬುಕ್ಕಿನಲ್ಲಿ ನಿನ್ನ ಹೆಸರಿನ ಪುಟ ಸಿಕ್ಕಿತು: ಹಾಸಿದಾಗ ಎದೆಯ ಅಗಲ 48 ಸೆಂಟಿಮೀಟರ್, ಭುಜದಿಂದ ಅಂಚಿನವರೆಗೆ 62, ಕಂಕುಳಿನಿಂದ ತೋಳಿನ ತುದಿಗೆ 46. ದೊಡ್ಡ ರಟ್ಟಿನ ಮೇಲೆ ಪೆನ್ಸಿಲಿನಿಂದ (ಪೆನ್ನಾದರೆ ಶಾಯಿ ಹತ್ತುತ್ತದೆ) ಈ ಆಕಾರ ಬರೆದು, ಸ್ವೆಟರನ್ನು ಅದರ ಮೇಲಿಟ್ಟು, ಎದುರುಬದುರಿನ ಎರಡು ಅಂಚುಗಳನ್ನು ಅಂಗೈಯಗಲ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಹೋಗು. ತುಕ್ಕು ಹಿಡಿಯದ ಪಿನ್ನುಗಳನ್ನು ಹತ್ತಿರ ಹತ್ತಿರ ಚುಚ್ಚಿ ನಿಲ್ಲಿಸು. ಕೊರಳು ಮತ್ತು ಮುಂಗೈ ಪಟ್ಟಿಯನ್ನು ಎಳೆಯಬೇಡ, ಅವು ಬಿಗಿಯಾಗಿದ್ದರೇ ಚೆಂದ. ಒಂದೇ ಸಲಕ್ಕೆ ಅಳತೆ ಮುಟ್ಟಿಸುವ ಹಟ ಬೇಡ. ಒಣಗಿದ ಮೇಲೆ ಕಡಿಮೆಯಾಗಿದ್ದರೆ ಮತ್ತೊಮ್ಮೆ ನೆನೆಸಿ ಮಾಡಬಹುದು.

ನೀನು ಓದುತ್ತಿರುವ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ 1928ರಲ್ಲಿ ಬಂದ ವಿಲಿಯಂ ಆಸ್ಟ್‌ಬರಿ ಎಂಬ ವಿಜ್ಞಾನಿ, ಉಣ್ಣೆಯ ಎಳೆಗಳ ಎಕ್ಸ್-ರೇ ಚಿತ್ರ ತೆಗೆದು, ಒದ್ದೆ ಎಳೆಯನ್ನು ಹಿಗ್ಗಿಸಿದಾಗ ಅದರೊಳಗಿನ ಅಣುಗಳ ಜೋಡಣೆಯೇ ಬದಲಾಗುತ್ತದೆಂದೂ, ಬಿಟ್ಟಾಗ ಹಿಂದಿನ ಸ್ಥಿತಿಗೆ ಮರಳುತ್ತದೆಂದೂ ತೋರಿಸಿದ್ದರು. ನಿನ್ನ ತೊಂದರೆಯ ಅರ್ಧ ಉತ್ತರ ನಿನ್ನ ಊರಿನಲ್ಲೇ ಇತ್ತೆಂದು ನೆನೆದು ಹಳೆಯ ಕೆಮಿಸ್ಟ್ರಿ ಮೇಷ್ಟರಾದ ನನಗೆ ಖುಷಿಯಾಯಿತು. ಹಿಗ್ಗಿದ ಸ್ಥಿತಿಯಲ್ಲಿಯೇ ಒಣಗಿದರೆ, ನೀರಿನಲ್ಲಿ ಬಿಟ್ಟುಕೊಂಡಿದ್ದ ಹೈಡ್ರೋಜನ್ ಬಂಧಗಳು, ಅಂದರೆ ಅಣುಗಳ ನಡುವಿನ ದುರ್ಬಲ ಕೊಂಡಿಗಳು, ಹೊಸ ಜಾಗದಲ್ಲಿ ಕೂಡಿಕೊಂಡು ಆಕಾರ ನಿಲ್ಲುತ್ತದೆ. ಮತ್ತೆ ಒದ್ದೆಯಾದರೆ ಅವೂ ಬಿಡುತ್ತವೆ. ಆದ್ದರಿಂದ ಇನ್ನು ಮುಂದೆ ಪ್ರತಿ ಸಲ ಒಗೆದಾಗಲೂ ಹೀಗೆ ಹಾಸಿ ಪಿನ್ನು ಚುಚ್ಚುವುದು ತಪ್ಪದು.

ಒಣಗಿಸುವ ವಿಚಾರದಲ್ಲಿ ನನಗೆ ಹೆದರಿಕೆಯಿದೆ. ನಿನ್ನ ಕೋಣೆಯ ಕಿಟಕಿಯ ಕೆಳಗಿನ ಹೀಟರನ್ನು ನಾನು ವಿಡಿಯೋ ಕರೆಯಲ್ಲಿ ನೋಡಿದ್ದೇನೆ, ಅದರ ಮೇಲೆ ಕಾಲುಚೀಲಗಳು ಇದ್ದದ್ದನ್ನೂ ನೋಡಿದ್ದೇನೆ. ಮೂರನೇ ತರಗತಿಯ ಮಳೆಗಾಲದಲ್ಲಿ ನೀನು ಶಾಲೆಯ ನೀಲಿ ಸ್ವೆಟರನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದ್ದೆ. ಬೆಳಿಗ್ಗೆ ಅದರ ಅಂಚು ಸುಟ್ಟು ಒರಟಾಗಿತ್ತು, ಕಂಕುಳ ಹತ್ತಿರ ಇನ್ನೂ ತೇವವಿತ್ತು. ಬೈಯುತ್ತಾರೆಂದು ನೀನು ರೇನ್‌ಕೋಟಿನ ಒಳಗೆ ಅದನ್ನೇ ತೊಟ್ಟು ಹೋದೆ. ಉಣ್ಣೆಯು ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡೂ ಕೈಗೆ ಒಣಗಿದಂತೆಯೇ ತೋರಬಲ್ಲದು. ನಿನಗೆ ಗೊತ್ತಾಗದಿದ್ದದ್ದು ಸಹಜ. ಸಂಜೆಗೆ ಜ್ವರ. ಒದ್ದೆ ಬಟ್ಟೆಯಿಂದ ಜ್ವರ ಬರುವುದಿಲ್ಲವೆಂದು ಡಾಕ್ಟರರು ಅಂದೂ ಹೇಳಿದ್ದರು, ಆಮೇಲೂ ಹೇಳಿದ್ದಾರೆ, ವಿಜ್ಞಾನ ಕಲಿಸಿದವನಾಗಿ ನಾನು ಒಪ್ಪಬೇಕು, ಒಪ್ಪಿಲ್ಲ. ಸೇತುವೆಯ ಮೇಲೆ ಸ್ಕೂಟರಿನಲ್ಲಿ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನಿನ್ನ ಕೈ ನನ್ನ ಹೊಟ್ಟೆಯ ಮೇಲೆ ಸುಡುತ್ತಿದ್ದದ್ದು, ಆ ರಾತ್ರಿ ಕರೆಂಟು ಇಲ್ಲದಿದ್ದದ್ದು, ನೀನು ನಿದ್ದೆಯಲ್ಲಿಯೂ "ಸ್ವೆಟರ್ ನಾನು ಸುಟ್ಟಿಲ್ಲ" ಎನ್ನುತ್ತಿದ್ದದ್ದು ಇವೆಲ್ಲ ಹೀಟರ್ ಎಂದೊಡನೆ ನನ್ನ ಕಣ್ಣ ಮುಂದೆ ಬರುತ್ತವೆ. ಸ್ವೆಟರನ್ನು ಹೀಟರಿನಿಂದ ದೂರ, ನೆಲದ ಮೇಲೆ ಹಾಸಿಯೇ ಒಣಗಿಸು. ಎರಡು ಮೂರು ದಿನ ಹಿಡಿದರೂ ಹಿಡಿಯಲಿ, ಕಂಕುಳು ಒಣಗುವವರೆಗೆ ತೊಡಬೇಡ.

ಬೈಗುಳಕ್ಕೆ ಹೆದರಿ ಮುಚ್ಚಿಡುವ ಆ ಅಭ್ಯಾಸ ನಿನ್ನಲ್ಲಿ ಇನ್ನೂ ಉಳಿದಿದೆ. ಡಿಸೆಂಬರಿನಲ್ಲಿ ಕುಗ್ಗಿದ ಸ್ವೆಟರಿನ ಸುದ್ದಿ ನಮಗೆ ಫೆಬ್ರವರಿಯಲ್ಲಿ ತಿಳಿಯುತ್ತದೆ; ನಡುವೆ ನೀನು ತೆಳು ಜಾಕೆಟಿನಲ್ಲಿ ಓಡಾಡಿರುತ್ತೀಯೆ. ಹಾಳಾದ ವಸ್ತುವಿನ ಸುದ್ದಿಯನ್ನು ಅದೇ ದಿನ ಹೇಳುವುದನ್ನು ಕಲಿ. ಕೈಯಲ್ಲಿ ಹೆಣೆದ ಬಟ್ಟೆಗೆ ಲೇಬಲ್ ಇರುವುದಿಲ್ಲ, ಕೇಳಿ ಒಗೆಯಬೇಕು. ಎಂಜೈಮ್ ಇರುವ ಪುಡಿಯನ್ನು ಉಣ್ಣೆಗೆ ಹಾಕಬಾರದು, ಪ್ರೋಟೀನಿನ ಕಲೆ ಕರಗಿಸುವ ಎಂಜೈಮ್ ಉಣ್ಣೆಯನ್ನೂ ತಿನ್ನುತ್ತದೆ. ಉಪದೇಶ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಕುಳಿತಿದ್ದೆ, ಅವಳು ಈ ಪುಟ ಓದದಿದ್ದರೆ ಒಳ್ಳೆಯದು.

ಅಜ್ಜಿಗೆ ಹೇಳಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಅವಳು ಕಡ್ಡಿ ಹಿಡಿದಿಲ್ಲ, ಇನ್ನೊಂದು ಹೆಣೆಯುತ್ತೇನೆಂದು ಕೂರುವುದು ಬೇಡ. ಪೂರ್ತಿ ಒಣಗಿದ ಮೇಲೆ ಮೂರೂ ಅಳತೆಗಳನ್ನು ತೆಗೆದು ನನಗೆ ಕಳುಹಿಸು. ಎದೆ 45 ದಾಟಿದ್ದರೆ ಒಳಗೊಂದು ತೆಳು ಅಂಗಿ ಹಾಕಿ ತೊಡಬಹುದು. ನಿನ್ನ ಖಾತೆಗೆ ಸ್ವಲ್ಪ ಹಣ ಹಾಕಿದ್ದೇನೆ. ಸ್ವೆಟರ್ ಸರಿಯಾದರೂ ಆಗದಿದ್ದರೂ ಈ ವಾರವೇ ಒಂದು ದಪ್ಪ ಕೋಟು ಕೊಂಡುಕೋ, ರಸೀದಿಯ ಫೋಟೋ ಕಳುಹಿಸು.

ಇಂತಿ ನಿನ್ನ
ಅಪ್ಪ