‘ಆವು’ ಅಂದರೂ ಹಾವೇ

ಸರಸ್ವತಿಪುರಂ, ಮೈಸೂರು

ಚಿ. ವಿನುತಾಳಿಗೆ ಸೋದರಮಾವನ ಆಶೀರ್ವಾದಗಳು.

ಸ್ಟ್ರೋಕ್ ಆದವರ ಮಾತಿನ ಮೇಲೆ ಸಂಶೋಧನೆಗೆ ಇಳಿದಿದ್ದೀಯಂತೆ, ಸಂತೋಷ. 1860ರ ದಶಕದಲ್ಲಿ ಫ್ರೆಂಚ್ ವೈದ್ಯ ಬ್ರೋಕಾ ನಿಂತುಹೋದ ಮಾತಿಗೂ ಎಡ ಮೆದುಳಿನ ಗಾಯಕ್ಕೂ ನಂಟು ತೋರಿಸಿದ್ದನ್ನೆಲ್ಲ ನಿನಗೆ ಹೇಳಬೇಕಿಲ್ಲ. ನಿನ್ನ ಮುಂದೆ ಕೂರುವವರು ಮಂಡ್ಯ ಸೀಮೆಯವರು, ಅದನ್ನಷ್ಟೇ ಹೇಳುತ್ತೇನೆ.

ಹಾವಿನ ಚಿತ್ರ ತೋರಿಸಿದಾಗ ಮಳವಳ್ಳಿ ಕಡೆಯ ಯಜಮಾನರು ‘ಆವು’ ಅಂದರೆ ತಪ್ಪು ಹಾಕಬೇಡ. ಲಕ್ವ ಹೊಡೆಯುವ ಮೊದಲೂ ಅವರ ಬಾಯಲ್ಲಿ ಹಕಾರ ಇದ್ದಿರಲಿಕ್ಕಿಲ್ಲ. ಮೆದುಳಿನ ಗಾಯದಿಂದಾದ ಮಾತಿನ ತೊಂದರೆ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆಯಲ್ಲಿ 100ಕ್ಕೆ 93.8 ಗಡಿ, ಕಡಿಮೆ ಬಂದರೆ ತೊಂದರೆಯೆಂದು ಲೆಕ್ಕ; ಪುಸ್ತಕದ ಕನ್ನಡ ಹಿಡಿದು ಅಳೆದರೆ ನೆಟ್ಟಗಿರುವವರೂ ಅದರ ಕೆಳಗೆ ಬೀಳಬಹುದು. ಜೊತೆಗೆ ಬಂದ ಹೆಂಡತಿಗೋ ಅಣ್ಣನಿಗೋ ಅವೇ ಚಿತ್ರ ತೋರಿಸಿ ರೆಕಾರ್ಡ್ ಮಾಡು. ಅದೇ ಊರು, ಹೆಚ್ಚುಕಡಿಮೆ ಅದೇ ಓದು. ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗದು. ಕೇಳಿದ್ದನ್ನು ಕೇಳಿದಂತೆಯೇ ಬರೆದುಕೋ, ಅಂಕ ಆಮೇಲೆ. ಇನ್ನೊಬ್ಬರಿಂದಲೂ ಅಂಕ ಹಾಕಿಸು, ಆದರೆ ಅವರು ರೋಗಿಯ ಮೆದುಳಿನ ಸ್ಕ್ಯಾನ್ ನೋಡಿರಬಾರದು.

ಬಲಗೈ ಬಿದ್ದವರು ಬರೆಯಲಿಲ್ಲವೆಂದರೆ ಬರವಣಿಗೆ ಹೋಯಿತೆಂದಲ್ಲ. ಎಡಗೈಯಲ್ಲಿ ಬರೆಸು, ಇಲ್ಲವೇ ಅಕ್ಷರದ ಬಿಲ್ಲೆ ಜೋಡಿಸಲು ಕೊಡು.

ಮೊದಲ ಮೂರು ತಿಂಗಳಲ್ಲಿ ಮಾತು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಎರಡನೇ ವಾರ ಒಮ್ಮೆ, ಹನ್ನೆರಡನೇ ವಾರ ಒಮ್ಮೆ ಅಳೆದು, ನಡುವಿನ ಏರಿಕೆಯೆಲ್ಲ ನಿನ್ನ ಚಿಕಿತ್ಸೆಯದೆಂದು ಬರೆದರೆ ಪರೀಕ್ಷಕರು ಬಿಡುವುದಿಲ್ಲ, ಬಿಡಲೂಬಾರದು. ಸ್ಟ್ರೋಕ್ ಆಗಿ ಅಷ್ಟೇ ದಿನವಾದ, ಆ ಚಿಕಿತ್ಸೆ ಇಲ್ಲದ ಗುಂಪೂ ಬೇಕು. ನಿದ್ದೆಯಿಂದ ಏಳುವಾಗಲೇ ಸ್ಟ್ರೋಕ್ ಆಗಿತ್ತೆಂದರೆ, ದಿನದ ಲೆಕ್ಕಕ್ಕೆ ಕೊನೆಯ ಬಾರಿ ಚೆನ್ನಾಗಿದ್ದುದನ್ನು ಕಂಡ ಹೊತ್ತನ್ನು ಬರೆದುಕೋ.

ಸ್ಕ್ಯಾನ್‌ನಲ್ಲಿ ಹೆಚ್ಚು ಮಂದಿ ಮುಗ್ಗರಿಸುವುದು ಎಡ–ಬಲದಲ್ಲಿ. ರೇಡಿಯಾಲಜಿ ರೂಢಿಯಲ್ಲಿ ಚಿತ್ರದ ಎಡಭಾಗ ಎಂದರೆ ರೋಗಿಯ ಬಲ. ಕೆಲವು ಸಾಫ್ಟ್‌ವೇರ್ ಅದನ್ನು ತಿರುಗಿಸಿ ತೋರಿಸುತ್ತದೆ. ನೀನೇ ಎಂಆರ್‌ಐ ಮಾಡಿಸುವುದಾದರೆ ತಲೆಯ ಬಲಬದಿಗೆ ಗುರುತಾಗಿ ಮೀನೆಣ್ಣೆಯ ಕ್ಯಾಪ್ಸೂಲ್ ಅಂಟಿಸು, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಹಳೆಯ ಸ್ಕ್ಯಾನ್ ಆದರೆ ಬಿದ್ದ ಕೈಯೊಂದಿಗೆ ತಾಳೆ ನೋಡು, ಗಾಯ ಸಾಮಾನ್ಯವಾಗಿ ಅದರ ಎದುರು ಬದಿಯಲ್ಲಿರುತ್ತದೆ. ತಾಳೆಯಾಗದಿದ್ದರೆ ಮೂಲ ಫೈಲಿಗೆ ಹೋಗು. ಅಂದಾಜಿನ ಮೇಲೆ ತಿರುಗಿಸಬೇಡ. ಮೊದಲ ಗಂಟೆಗಳ ಸಿಟಿಯಲ್ಲಿ ರಕ್ತ ಹರಿಯದೆ ಕೆಟ್ಟ ಜಾಗ ಕಾಣದೆಯೂ ಇರಬಹುದು, ಅದನ್ನು ನಂಬಿ ‘ಗಾಯವಿಲ್ಲ’ ಎಂದು ಬರೆಯಬೇಡ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ‘ಬೇಡ ಅನಿಸಿದರೆ ಹೋಗಬಹುದಾ?’ ಎಂದೂ ‘ಬೇಡ ಅನಿಸಿದರೂ ಇರಲೇಬೇಕಾ?’ ಎಂದೂ ಕೇಳು. ಎರಡಕ್ಕೂ ‘ಹೂಂ’ ಅಂದರೆ ಅವರಿಗೆ ಅರ್ಥವಾಗಿಲ್ಲ, ಆ ದಿನ ಪರೀಕ್ಷೆ ನಿಲ್ಲಿಸು. ದೂರದಿಂದ ಬಂದವರೆಂದು ನಮ್ಮೂರ ಪದ್ಧತಿಯಂತೆ ಕಾಫಿ ಕೊಡುವ ಮುನ್ನ ನುಂಗಲು ತೊಂದರೆ ಇದೆಯೇ ಎಂದು ಮನೆಯವರನ್ನು ವಿಚಾರಿಸು. ನೀರಾದ ಪದಾರ್ಥ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಇಂತಿ,
ನಿನ್ನ ಮಾವ