ಎಕ್ಸ್‌ಟೆಂಡ್ಸ್ ಅಂತ ಟೈಪ್ ಮಾಡುವ ಮೊದಲು

ಪ್ರೀತಿಯ ಅಳಿಯ,

ಮೊನ್ನೆ ಚಾವಡಿಯಲ್ಲಿ ಕೂತು ನಿನ್ನ ಜಾವಾ ಕೋಡ್ ತೋರಿಸ್ತಿದ್ದೆಯಲ್ಲ, ಅಷ್ಟರಲ್ಲಿ ಊಟಕ್ಕೆ ಕರೆದರು, ಮಾತು ಅರ್ಧಕ್ಕೇ ನಿಂತಿತು, ಅದಕ್ಕೆ ಬರೀತಿದ್ದೇನೆ. ಕಸ್ಟಮರ್ ಕ್ಲಾಸ್ (ಕೋಡಿನಲ್ಲಿ ಒಂದು ಬಗೆಯ ವಸ್ತುವಿನ ಅಚ್ಚು) ಹೋಗಿ, ನಡೆದದ್ದನ್ನು ದಾಖಲಿಸುವ ಲಾಗರ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿದ್ದು, ಅಂದ್ರೆ ಅದರ ಗುಣವನ್ನೆಲ್ಲ ಆಸ್ತಿಯ ಹಾಗೆ ಪಡ್ಕೊಂಡದ್ದು, ನೋಡಿ ನಂಗೆ ಹೆದರಿಕೆ ಆಯ್ತು ಮಾರಾಯ. ಕೇಳಿದ್ರೆ "ಲಾಗ್ ಬರೆಯುವ ಮೆಥಡ್ ಅದ್ರಲ್ಲೇ ಉಂಟಲ್ಲ ಮಾವ" ಅಂದೆ.

ನಾನೂ ಹಾಗೇ ಮಾಡಿದವ. ಇಲ್ಲೇ ಉಡುಪಿಯ ಒಂದು ಹೋಟೆಲಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಕೊಟ್ಟಿದ್ದೆ, ಬಿಲ್ ಅಂತ ಒಂದು ಕ್ಲಾಸ್, ಅದರ ಪ್ರಿಂಟ್ ಮೆಥಡ್ ಚೆಂದ ಬಂದಿತ್ತು, ಆ ಒಂದು ಆಸೆಗೆ ಕೆಲಸದವರ ಸಂಬಳ ಚೀಟಿಯ ಕ್ಲಾಸನ್ನೂ ಬಿಲ್ಲಿನಿಂದಲೇ ಎಕ್ಸ್‌ಟೆಂಡ್ ಮಾಡಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಬಿಲ್ಲಿನ ಪ್ರಿಂಟಿಗೆ ಎರಡು ಸಾಲು ಸೇರಿಸಿದೆ. ತಿಂಗಳ ಕೊನೆಗೆ ಅಡುಗೆಯವರೊಬ್ಬರು ಚೀಟಿ ಹಿಡ್ಕೊಂಡು ಬಂದು "ಇದೆಂತ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ? ನಮ್ಮ ಸಂಬಳದಲ್ಲೂ ಹಿಡಿತಾರಾ?" ಅಂತ ಕೇಳಿದರು. ಒದ್ದೆ ಕೈಯಲ್ಲಿ ಹಿಡಿದ ಆ ಕಾಗದ ಇನ್ನೂ ಕಣ್ಣ ಮುಂದೆ ಉಂಟು. ಸಂಬಳ ಚೀಟಿ ಯಾವ ಲೆಕ್ಕದಲ್ಲೂ ಬಿಲ್ ಅಲ್ಲ, ನಂಗೆ ಬೇಕಿದ್ದದ್ದು ಪ್ರಿಂಟ್ ಮಾತ್ರ, ಬಂದದ್ದು ಇಡೀ ಬಿಲ್.

ದೊಡ್ಡವರೂ ಇದ್ರಲ್ಲಿ ಎಡವಿದ್ದಾರೆ. ಜಾವಾದ ಸ್ಟ್ಯಾಕ್ ಕ್ಲಾಸ್ ಎಕ್ಸ್‌ಟೆಂಡ್ ಮಾಡುದು ವೆಕ್ಟರನ್ನು, ಅದು ಎಲ್ಲಿ ಬೇಕಾದ್ರೂ ಸೇರಿಸಬಹುದಾದ ಪಟ್ಟಿ, ಹಾಗಾಗಿ ಮೇಲಿಂದ ಇಟ್ಟು ಮೇಲಿಂದಲೇ ತೆಗೆಯಬೇಕಾದ ಜಾಗದಲ್ಲಿ ನಡುವಿಗೂ ತುರುಕಲಿಕ್ಕೆ ಆಗ್ತದೆ. ಆಡ್ ಮೆಥಡಿಗೆ ಇಂಡೆಕ್ಸ್ ಕೊಟ್ಟು ನೀನೇ ನೋಡು. ಈಗ ಜಾವಾದ ಡಾಕ್ಯುಮೆಂಟೇಶನ್ನೇ ಇದರ ಬದಲು ಡೆಕ್ ಇಂಟರ್‌ಫೇಸ್ ಬಳಸಿ ಅಂತ ಹೇಳ್ತದೆ.

ಇಂಟರ್‌ಫೇಸ್ ಅಂದ್ರೆ ಈ ಕೆಲಸ ನನ್ನಿಂದ ಆಗ್ತದೆ ಅಂತ ಮಾತು ಕೊಟ್ಟ ಹಾಗೆ, ಹೇಗೆ ಮಾಡುದು ಅನ್ನುದು ಅವರವರಿಗೆ ಬಿಟ್ಟದ್ದು. ಎಕ್ಸ್‌ಟೆಂಡ್ ಮಾಡ್ಲಿಕ್ಕೆ ಒಂದೇ ಕ್ಲಾಸ್, ಇಂಪ್ಲಿಮೆಂಟ್ ಮಾಡ್ಲಿಕ್ಕೆ ಎಷ್ಟು ಇಂಟರ್‌ಫೇಸ್ ಬೇಕಾದ್ರೂ ಆಯ್ತು. 2014ರ ಜಾವಾ 8ರಿಂದ ಡಿಫಾಲ್ಟ್ ಮೆಥಡ್ ಕೂಡ ಉಂಟು, ಅಂದ್ರೆ ಹೇಗೆ ಮಾಡುದು ಅಂತ ಇಂಟರ್‌ಫೇಸಲ್ಲೇ ಬರೆದಿಡಬಹುದು, ಆದ್ರೆ ಎರಡು ಇಂಟರ್‌ಫೇಸಲ್ಲೂ ಅದೇ ಡಿಫಾಲ್ಟ್ ಬಂದ್ರೆ ನೀನು ಓವರ್‌ರೈಡ್ ಮಾಡಿ ನಿನ್ನದೇ ಬರೆಯುವ ತನಕ ಕಂಪೈಲರ್ ಬಿಡುದಿಲ್ಲ. ನಾನು ಕೊನೆಗೆ ಪ್ರಿಂಟಿನ ಕೆಲಸವನ್ನು ಬೇರೆ ಕ್ಲಾಸ್ ಮಾಡಿ, ಬಿಲ್ಲಿನ ಒಳಗೊಂದು ಆಬ್ಜೆಕ್ಟ್, ಚೀಟಿಯ ಒಳಗೊಂದು ಇಟ್ಟೆ, ಆಮೇಲೆ ತೊಂದರೆ ಬರಲಿಲ್ಲ.

ಇನ್‌ಹೆರಿಟೆನ್ಸ್, ಅಂದ್ರೆ ಈ ಎಕ್ಸ್‌ಟೆಂಡ್ ಮಾಡುದು, ಬೇಡವೇ ಬೇಡ ಅಂತಲ್ಲ. ಪಾರ್ಸೆಲ್ ಬಿಲ್ ನಿಜವಾಗ್ಲೂ ಬಿಲ್, ಬಿಲ್ ಕೇಳಿದಲ್ಲೆಲ್ಲ ಅದನ್ನು ಕೊಟ್ರೂ ಲೆಕ್ಕ ತಪ್ಪುದಿಲ್ಲ, ಅಲ್ಲಿ ಧೈರ್ಯವಾಗಿ ಮಾಡು. 1987ರಲ್ಲಿ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಮುಂದಿಟ್ಟದ್ದೂ ಇದೇ ಪರೀಕ್ಷೆ. ನಿನ್ನ ಕಸ್ಟಮರನ್ನು ಲಾಗರ್ ಕೇಳಿದಲ್ಲಿ ಕೊಡ್ಲಿಕ್ಕೆ ಆಗ್ತದಾ ಹೇಳು?

ಆ ಒಂದು ಕ್ಲಾಸ್ ಮಾತ್ರ ಈ ವಾರ ಬಿಚ್ಚಿ ಬರೆ, ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಾ, ಊಟ ಆದ ಮೇಲೆ ಒಟ್ಟಿಗೆ ಕೂತು ನೋಡುವ.

ನಿನ್ನ ಮಾವ